ಹಳೆ ವ್ಯಾನಿನ ಸ್ಟೇರಿಂಗ್ ರ‍್ಯಾಕ್ ನಾನೇ ಬದಲಿಸಿದ್ದು

ಮೊದಲು ನನ್ನ ಅನುಮಾನ ಹೋಗಿದ್ದು ಪವರ್ ಸ್ಟೇರಿಂಗಿನ ಆಯಿಲ್ ಹೋಸ್ ಮೇಲೆ. ರಾತ್ರಿ ನಿಲ್ಲಿಸಿದ ವ್ಯಾನಿನ ಕೆಳಗೆ ಬೆಳಿಗ್ಗೆ ಅಂಗೈಯಗಲದ ಕೆಂಪು ಕಲೆ, ತಿರುವಿನಲ್ಲಿ ಪಂಪಿನ ನರಳಾಟ, ವಾರಕ್ಕೊಮ್ಮೆ ಡಬ್ಬಿಗೆ ಆಯಿಲ್. ಪ್ರೆಷರ್ ಹೋಸ್ ಬದಲಿಸಿದೆ; ಕಲೆ ಹಾಗೇ ಇತ್ತು. ಸೀಲನ್ನು ಉಬ್ಬಿಸಿ ಸೋರಿಕೆ ನಿಲ್ಲಿಸುವ ದ್ರವ ಸುರಿದೆ. ಹದಿನೈದು ದಿನ ತೆಪ್ಪಗಿದ್ದು ಮತ್ತೆ ಶುರು. ಕೊನೆಗೆ ಕೆಳಗೆ ಮಲಗಿ, ಸ್ಟೇರಿಂಗ್ ತಿರುಗಿದಂತೆ ಆಚೀಚೆ ಸರಿದು ಚಕ್ರ ತಿರುಗಿಸುವ ರ‍್ಯಾಕಿನ ಬಲತುದಿ ಮುಚ್ಚುವ ರಬ್ಬರ್ ಬೂಟನ್ನು ಹಿಂಡಿದೆ. ಒಳಗೆ ಗುಳುಗುಳು. ಕ್ಲಿಪ್ ಬಿಚ್ಚಿ ಬೂಟಿನ ಅಂಚು ಎತ್ತಿದ್ದೇ ತಡ, ಅರ್ಧ ಲೋಟದಷ್ಟು ಆಯಿಲ್ ನನ್ನ ತೋಳಿನ ಮೇಲೆ ಮೊಣಕೈವರೆಗೂ ಹರಿಯಿತು. ಬೂಟಿನೊಳಗೆ ಇರಬೇಕಾದ್ದು ಗ್ರೀಸ್. ಆಯಿಲ್ ತುಂಬಿದೆ ಅಂದರೆ ರ‍್ಯಾಕಿನ ತುದಿಯ ಸೀಲ್ ಹೋಗಿದೆ ಅಂತಲೇ ಅರ್ಥ.

ಸೀಲ್ ಮಾತ್ರ ಹಾಕಬಹುದಿತ್ತು. ಆದರೆ ಒಳಗಿನ ಶಾಫ್ಟ್ ತುಕ್ಕು ಹಿಡಿದಿದ್ದರೆ ಹೊಸ ಸೀಲನ್ನೂ ಅದು ಕೆರೆದು ಹಾಕುತ್ತದೆ. ಹಾಗಾಗಿ ಪೂರ್ತಿ ರ‍್ಯಾಕೇ ತಂದೆ.

ಕೆಲಸ ಶುರು ಮಾಡುವ ಮುಂಚೆ ಚಕ್ರಗಳನ್ನು ನೇರ ಮಾಡಿ, ಸ್ಟೇರಿಂಗ್ ವೀಲನ್ನು ಸೀಟ್ ಬೆಲ್ಟಿನಿಂದ ಬಿಗಿಯಾಗಿ ಕಟ್ಟಿದೆ. ಏರ್‌ಬ್ಯಾಗ್ ಇರುವ ಗಾಡಿಯಲ್ಲಿ ವೀಲಿನ ಹಿಂದೆ ಸುರುಳಿ ಸುತ್ತಿದ ತಂತಿಪಟ್ಟಿ ಇರುತ್ತದೆ. ರ‍್ಯಾಕ್ ಕಳಚಿದಾಗ ವೀಲ್ ತನ್ನಷ್ಟಕ್ಕೆ ಒಂದೆರಡು ಸುತ್ತು ತಿರುಗಿಬಿಟ್ಟರೆ, ಆಮೇಲೆ ಓಡಿಸುವಾಗ ಆ ಪಟ್ಟಿ ಹರಿಯುತ್ತದೆ. ಗಾಡಿಯನ್ನು ಸ್ಟ್ಯಾಂಡ್ ಮೇಲೆ ಕೂರಿಸಿದೆ. ಬರೀ ಜಾಕಿ ನಂಬಿ ಕೆಳಗೆ ನುಸುಳುವ ಜಾತಿ ನನ್ನದಲ್ಲ.

ರ‍್ಯಾಕನ್ನು ಚಕ್ರಕ್ಕೆ ಜೋಡಿಸುವ ರಾಡಿನ ತುದಿ, ಅಂದರೆ ಟೈ ರಾಡ್ ಎಂಡ್, ಸುಲಭಕ್ಕೆ ಬಿಡಲಿಲ್ಲ. ನಟ್ಟನ್ನು ನಾಲ್ಕು ಸುತ್ತು ಸಡಿಲಿಸಿ, ಬಾಲ್ ಜಾಯಿಂಟ್ ಕೂತಿರುವ ತೋಳಿನ ಪಕ್ಕಕ್ಕೆ ಸುತ್ತಿಗೆಯಿಂದ ಎರಡೇಟು ಬಿಗಿದ ಮೇಲೆ ಟಪ್ಪೆಂದು ಬಿಟ್ಟುಕೊಂಡಿತು. ಎಂಡನ್ನು ರಾಡಿನಿಂದ ಬಿಚ್ಚುವಾಗ ಸುತ್ತು ಎಣಿಸಿ ಬರೆದಿಟ್ಟೆ: ಎಡಕ್ಕೆ 18, ಬಲಕ್ಕೆ 19. ನಾನು ಒದ್ದಾಡಿದ್ದು ಸ್ಟೇರಿಂಗ್ ಶಾಫ್ಟಿನ ಜಾಯಿಂಟಿನಲ್ಲಿ. ಬೋಲ್ಟ್ ಸಡಿಲಿಸಿ ಅರ್ಧ ಗಂಟೆ ಎಳೆದೆ, ಬಡಿದೆ, ಬೈದೆ. ಶಾಫ್ಟಿನಲ್ಲಿ ಆ ಬೋಲ್ಟಿಗೆಂದೇ ಒಂದು ಕಚ್ಚು ಇದೆ. ಬೋಲ್ಟನ್ನು ಪೂರ್ತಿ ಹೊರತೆಗೆಯುವವರೆಗೂ ಜಾಯಿಂಟ್ ಅಲುಗುವುದೇ ಇಲ್ಲ! ಪೈಪಿನ ನಟ್‌ಗಳಿಗೆ ಸಾದಾ ಸ್ಪ್ಯಾನರ್ ಹಾಕಿದರೆ ಮೂಲೆ ಸವೆದು ಗುಂಡಗಾಗುತ್ತವೆ, ಅದಕ್ಕೆ ನಟ್ಟನ್ನು ಹೆಚ್ಚು ಬದಿಗಳಿಂದ ತಬ್ಬಿ ಹಿಡಿಯುವ ಫ್ಲೇರ್ ನಟ್ ಸ್ಪ್ಯಾನರೇ ಬೇಕು. ನನ್ನ ವ್ಯಾನಿನಲ್ಲಿ ಸಬ್‌ಫ್ರೇಮನ್ನು (ಗಾಡಿಯ ಮುಂಭಾಗದ ಕೆಳಗಿನ ಕಬ್ಬಿಣದ ಚೌಕಟ್ಟು) ಜಾಕಿಯ ಆಸರೆಯಲ್ಲಿ ಎರಡು ಬೆರಳಿನಷ್ಟು ಇಳಿಸಿದ ಮೇಲೆ ರ‍್ಯಾಕ್ ಪಕ್ಕದಿಂದ ಹೊರಬಂತು.

ಹೊಸದನ್ನು ಹಾಕುವ ಮುಂಚೆ ಅದರ ಮಧ್ಯ ಹುಡುಕಬೇಕು. ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಿ ಸುತ್ತು ಎಣಿಸಿ, ಅದರ ಅರ್ಧದಷ್ಟು ವಾಪಸ್ ತಿರುಗಿಸಿ ಬಣ್ಣದ ಗುರುತು ಹಾಕಿದೆ. ಆಯಿಲ್ ಡಬ್ಬಿಯನ್ನೂ ಬಿಚ್ಚಿ ತೊಳೆದೆ. ತಳದ ಜಾಲರಿಯಲ್ಲಿ ಕಾಡಿಗೆಯಂಥ ಕೆಸರು ಮೆತ್ತಿಕೊಂಡಿತ್ತು. ಅದನ್ನು ಹಾಗೇ ಬಿಟ್ಟಿದ್ದರೆ ಹೊಸ ಸೀಲಿನ ಗತಿಯೂ ಅಷ್ಟೇ. ಪೈಪಿನ ವಾಷರ್‌ಗಳನ್ನು ಹೊಸದಾಗಿ ಹಾಕಿ, ಮುಚ್ಚಳದ ಮೇಲೆ ನಮೂದಿಸಿದ್ದ ಜಾತಿಯ ಆಯಿಲನ್ನೇ ತುಂಬಿದೆ.

ಆಮೇಲೆ ನನ್ನ ಆತುರ ನೋಡಿ. ವೀಲನ್ನು ನಾಲ್ಕು ಸಲ ತಿರುಗಿಸಿ ಇಂಜಿನ್ ಸ್ಟಾರ್ಟ್ ಮಾಡಿಬಿಟ್ಟೆ. ಪಂಪ್ ಕಿರುಚಿತು, ಡಬ್ಬಿಯಲ್ಲಿ ಗುಲಾಬಿ ನೊರೆ. ಆಫ್ ಮಾಡಿ, ನೊರೆ ಇಳಿಯಲಿ ಅಂತ ಒಂದು ಗಂಟೆ ಕಾದೆ. ಮುಂದಿನ ಚಕ್ರಗಳು ಮೇಲಿದ್ದಂತೆಯೇ, ಇಂಜಿನ್ ಆಫ್ ಇಟ್ಟು, ವೀಲನ್ನು ಆ ತುದಿಯಿಂದ ಈ ತುದಿಗೆ ಇಪ್ಪತ್ತು ಸಲ ನಿಧಾನವಾಗಿ ತಿರುಗಿಸುತ್ತಾ, ಇಳಿದಷ್ಟೂ ಆಯಿಲ್ ಸುರಿದೆ. ಗುಳ್ಳೆ ಬರುವುದು ನಿಂತ ಮೇಲೆ ಸ್ಟಾರ್ಟ್ ಮಾಡಿದರೆ ಪಂಪ್ ಸದ್ದಿಲ್ಲದೆ ಓಡಿತು. ತುದಿಗೆ ತಿರುಗಿಸಿದಾಗ ಅಲ್ಲೇ ಒತ್ತಿ ಹಿಡಿಯಬಾರದು, ಒತ್ತಡ ಏರಿ ಆಯಿಲ್ ಕಾಯುತ್ತದೆ.

ಎಂಡ್‌ಗಳನ್ನು ಎಣಿಸಿದಷ್ಟೇ ಸುತ್ತು ಹಾಕಿದ್ದರೂ ಹೊಸ ರಾಡಿನ ಉದ್ದ ಒಂದು ಕೂದಲೆಳೆ ಬೇರೆ ಇತ್ತು ಅಂತ ಕಾಣುತ್ತದೆ, ವೀಲ್ ಎಡಕ್ಕೆ ವಾಲಿತ್ತು. ಅಲೈನ್‌ಮೆಂಟಿಗೆ ನಿಧಾನವಾಗಿ ಓಡಿಸಿಕೊಂಡು ಹೋದೆ.

ಹಳೆ ರ‍್ಯಾಕನ್ನು ಕುತೂಹಲಕ್ಕೆ ಒರೆಸಿ ನೋಡಿದೆ. ಬಲಗಡೆಯ ಬೂಟಿನ ಮಡಿಕೆಯೊಂದರಲ್ಲಿ ಉಗುರಿನಷ್ಟು ಸೀಳು. ಸರಿಯಾಗಿ ಅದರ ಕೆಳಗೇ ಶಾಫ್ಟಿನ ಮೇಲೆ ತುಕ್ಕಿನ ಚುಕ್ಕಿಗಳು, ಬೆರಳಾಡಿಸಿದರೆ ತರಿತರಿ.