ಹನ್ನೊಂದು ತಿಂಗಳ ಕರಾರು ಮುಗಿದ ಮೇಲೆ ಮನೆ ಬಿಡುವ ನೋಟಿಸ್

ಬೆಂಗಳೂರಿನ ಬಾಡಿಗೆ ಕರಾರುಗಳು ಹೆಚ್ಚಾಗಿ ಹನ್ನೊಂದು ತಿಂಗಳಿಗೇ ನಿಲ್ಲುವುದಕ್ಕೆ ಕಾರಣ ಸರಳ: ಒಂದು ವರ್ಷ ಮೀರಿದ ಬಾಡಿಗೆ ಪತ್ರವನ್ನು ನೋಂದಣಿ ಮಾಡಿಸಲೇಬೇಕು. ಹನ್ನೊಂದು ತಿಂಗಳಾದ ಮೇಲೆ ಮಾಲೀಕರು ಬಾಡಿಗೆಯನ್ನು ಒಂದಿಷ್ಟು ಏರಿಸುತ್ತಾರೆ, ಬಾಡಿಗೆದಾರರು ಒಪ್ಪಿ ಕಟ್ಟುತ್ತಾ ಹೋಗುತ್ತಾರೆ, ಹೊಸ ಛಾಪಾ ಕಾಗದದ ಮಾತನ್ನು ಇಬ್ಬರೂ ಎತ್ತುವುದಿಲ್ಲ. ಮನೆ ಬಿಡುವ ಹೊತ್ತು ಬಂದಾಗ ಎಷ್ಟು ದಿನ ಮೊದಲು ಹೇಳಬೇಕು ಎಂಬ ಪ್ರಶ್ನೆ ಏಳುತ್ತದೆ.

ಮೊದಲು ನಿಮ್ಮ ಸ್ಥಿತಿ ಯಾವುದೆಂದು ಗುರುತಿಸಿಕೊಳ್ಳಿ. ಕರಾರಿನ ಕೊನೆಯ ದಿನವೇ ಮನೆ ಬಿಡುವುದಾದರೆ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದಲ್ಲಿ, ಪ್ರತ್ಯೇಕ ನೋಟಿಸ್ ಬೇಕಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಕಲಂ 111ರ ಪ್ರಕಾರ ಅವಧಿ ತೀರಿದೊಡನೆ ಬಾಡಿಗೆ ಸಂಬಂಧವೂ ತೀರುತ್ತದೆ. ಅವಧಿಯ ನಂತರವೂ ನೀವು ಅಲ್ಲೇ ಇದ್ದು, ಮಾಲೀಕರು ನಿಮ್ಮಿಂದ ಬಾಡಿಗೆ ಪಡೆದಿದ್ದರೆ ಅಥವಾ ಬೇರೆ ರೀತಿಯಲ್ಲಿ ಸಮ್ಮತಿ ತೋರಿದ್ದರೆ, ಕಲಂ 116ರ ಪ್ರಕಾರ ವಾಸದ ಮನೆಯ ಬಾಡಿಗೆ ತಿಂಗಳಿಂದ ತಿಂಗಳಿಗೆ ಮುಂದುವರಿಯುತ್ತದೆ. ಇನ್ನೂ ಹನ್ನೊಂದು ತಿಂಗಳು ತಾನಾಗಿ ಸಿಕ್ಕಿತೆಂದು ಬಾಡಿಗೆದಾರರೂ, ಇನ್ನೂ ಹನ್ನೊಂದು ತಿಂಗಳು ಇರಲೇಬೇಕೆಂದು ಮಾಲೀಕರೂ ಹೇಳುವುದುಂಟು. ಕರಾರಿನಲ್ಲೇ ಹಾಗೆ ಬರೆದಿಲ್ಲದಿದ್ದರೆ ಎರಡೂ ತಪ್ಪು. ಮಾಲೀಕರು ಬಾಡಿಗೆಯನ್ನೇ ಸ್ವೀಕರಿಸದೆ ಖಾಲಿ ಮಾಡಲು ಹೇಳುತ್ತಿದ್ದರೆ ಈ ಮಾಸಿಕ ಬಾಡಿಗೆ ಹುಟ್ಟುವುದಿಲ್ಲ. ಆಗ ಅವರು ಹದಿನೈದು ದಿನಗಳ ನೋಟಿಸ್ ಇಲ್ಲದೆಯೂ ದಾವೆ ಹೂಡಬಹುದು. ಆದ್ದರಿಂದ ಕರಾರು ಮುಗಿದ ನಂತರದ ಪ್ರತಿ ತಿಂಗಳ ಪಾವತಿಯ ದಾಖಲೆಯನ್ನೂ ತೆಗೆದಿಟ್ಟುಕೊಳ್ಳಬೇಕು.

ಮಾಸಿಕ ಬಾಡಿಗೆಯನ್ನು ಕೊನೆಗೊಳಿಸಲು ಕಲಂ 106 ಹದಿನೈದು ದಿನಗಳ ನೋಟಿಸ್ ಕೇಳುತ್ತದೆ. ಈ ನಿಯಮ ಮಾಲೀಕರಿಗೂ ಬಾಡಿಗೆದಾರರಿಗೂ ಒಂದೇ. (ಕೃಷಿ ಅಥವಾ ತಯಾರಿಕೆಯ ಉದ್ದೇಶದ ಗೇಣಿಗೆ ಆರು ತಿಂಗಳು.) ನೋಟಿಸ್ ಅವಧಿ ಬಾಡಿಗೆ ತಿಂಗಳ ಕೊನೆಗೇ ಮುಗಿಯಬೇಕೆಂಬ ನಿಯಮ ಹಿಂದೆ ಇತ್ತು; 2002ರ ಡಿಸೆಂಬರ್ 31ರಿಂದ ಜಾರಿಗೆ ಬಂದ ತಿದ್ದುಪಡಿ ಅದನ್ನು ತೆಗೆದುಹಾಕಿತು. ಈಗ ನೋಟಿಸ್ ಎದುರಿನವರ ಕೈ ಸೇರಿದ ದಿನದಿಂದ ಲೆಕ್ಕ ನಡೆಯುತ್ತದೆ. ತಲುಪಿದ ದಿನವನ್ನು ಬಿಟ್ಟು ಎಣಿಸುವುದು ಕ್ಷೇಮ: ನವೆಂಬರ್ 12ರಂದು ಪತ್ರ ತಲುಪಿದರೆ 13ರಿಂದ ಎಣಿಸಿ 27ಕ್ಕೆ ಹದಿನೈದು ದಿನ ತುಂಬುತ್ತದೆ. ಆದರೂ ತಿಂಗಳ ಕೊನೆಯ ದಿನವನ್ನೇ ನಮೂದಿಸಿದರೆ ಬಾಡಿಗೆಯ ಮುರಿ ಲೆಕ್ಕದ ತಕರಾರು ತಪ್ಪುತ್ತದೆ.

ತೊಡಕಿರುವುದು ಹಳೆಯ ಕರಾರಿನ ಷರತ್ತಿನಲ್ಲಿ. ಕಲಂ 106 ಅನ್ವಯಿಸುವುದು ಬೇರೆ ಒಪ್ಪಂದವಿಲ್ಲದಾಗ ಮಾತ್ರ, ಮತ್ತು ಮುಂದುವರಿದ ಬಾಡಿಗೆಗೆ ಹಳೆಯ ಷರತ್ತುಗಳು ಸಾಮಾನ್ಯವಾಗಿ ಜೊತೆಗೇ ಬರುತ್ತವೆ. ಕರಾರಿನಲ್ಲಿ ಎರಡು ತಿಂಗಳ ಮುನ್ಸೂಚನೆ ಎಂದಿದ್ದರೆ, ಅವಧಿ ಮುಗಿದ ಮೇಲೆ ಆ ಷರತ್ತು ಸತ್ತಿತು ಎಂದು ವಾದಿಸಬಹುದೇನೋ, ಆದರೆ ನಿಮ್ಮ ಅಡ್ವಾನ್ಸ್ ಹಣ ಮಾಲೀಕರ ಕೈಯಲ್ಲಿರುವಾಗ ಆ ವಾದವನ್ನು ಗೆಲ್ಲುವ ಹೊತ್ತಿಗೆ ಎರಡು ತಿಂಗಳಿಗಿಂತ ಹೆಚ್ಚು ಕಾಲ ಕಳೆದಿರುತ್ತದೆ. ಕರಾರಿನ ಅವಧಿ, ಕಾನೂನಿನ ಅವಧಿ, ಇವೆರಡರಲ್ಲಿ ಯಾವುದು ದೀರ್ಘವೋ ಅದನ್ನೇ ಪಾಲಿಸಿ ಎಂಬುದು ನನ್ನ ಸಲಹೆ.

ನೋಟಿಸ್ ಬರವಣಿಗೆಯಲ್ಲಿರಬೇಕು, ಕೊಡುವವರ ಸಹಿ ಇರಬೇಕು. ಭಾಷೆ ಇಷ್ಟಿದ್ದರೆ ಸಾಕು:

"ತಮ್ಮ ಮನೆಯಲ್ಲಿ 2024ರ ಜುಲೈ 1ರ ಕರಾರಿನಂತೆ ಬಾಡಿಗೆಗಿದ್ದ ನಾನು, ಆ ಕರಾರು 2025ರ ಮೇ 31ಕ್ಕೆ ಮುಗಿದ ನಂತರವೂ ತಿಂಗಳ ಬಾಡಿಗೆದಾರನಾಗಿ ಮುಂದುವರಿದಿದ್ದೇನೆ. 2025ರ ನವೆಂಬರ್ 30ರಂದು ಮನೆಯನ್ನು ಖಾಲಿ ಮಾಡಿ ಬೀಗದ ಕೈಗಳನ್ನು ತಮಗೆ ಒಪ್ಪಿಸುತ್ತೇನೆ. ಅಂದೇ ಅಡ್ವಾನ್ಸ್ ಲೆಕ್ಕ ಚುಕ್ತಾ ಮಾಡಿಕೊಡಬೇಕಾಗಿ ಕೋರುತ್ತೇನೆ."

ಮನೆಯ ಪೂರ್ಣ ವಿಳಾಸ ಮತ್ತು ಪತ್ರದ ದಿನಾಂಕವನ್ನು ಮರೆಯಬೇಡಿ. ಮಾಲೀಕರು ಹತ್ತಿರದಲ್ಲಿದ್ದರೆ ಎರಡು ಪ್ರತಿ ಒಯ್ದು, ಒಂದರ ಮೇಲೆ "ತಲುಪಿದೆ" ಎಂದು ಬರೆಸಿ ದಿನಾಂಕದೊಡನೆ ಸಹಿ ಹಾಕಿಸಿಕೊಳ್ಳಿ. ದೂರದಲ್ಲಿದ್ದರೆ ಅಂಚೆಯಲ್ಲಿ ಕಳುಹಿಸಿ. ರಿಜಿಸ್ಟರ್ಡ್ ಪೋಸ್ಟ್ ಸೇವೆ 2025ರಲ್ಲಿ ಸ್ಪೀಡ್ ಪೋಸ್ಟ್‌ನೊಂದಿಗೆ ವಿಲೀನವಾಗಿರುವುದರಿಂದ, ಈಗ ಸ್ಪೀಡ್ ಪೋಸ್ಟ್‌ನಲ್ಲೇ ತಲುಪಿದ ಪುರಾವೆಯ ಸೌಲಭ್ಯವನ್ನು ಕೇಳಿ ಪಡೆಯಬೇಕು. ವಾಟ್ಸ್ಆ್ಯಪ್‌ನಲ್ಲಿ ಅದೇ ಪತ್ರದ ಚಿತ್ರವನ್ನೂ ಹಾಕಿಡಿ, ಆದರೆ ಅದೊಂದನ್ನೇ ನಂಬಿ ಕೂರಬೇಡಿ. "ಮುಂದಿನ ತಿಂಗಳು ಬಿಡಬೇಕು ಅಂತಿದ್ದೇವೆ ಸಾರ್" ಎಂದು ಮೆಟ್ಟಿಲ ಮೇಲೆ ನಿಂತು ಹೇಳಿದ ಮಾತು ನೋಟಿಸ್ ಆಗುವುದಿಲ್ಲ.

ನೋಟಿಸ್ ಮಾಲೀಕರಿಂದ ಬಂದರೂ ಅವಧಿ ಮುಗಿದ ಮಾತ್ರಕ್ಕೆ ಅವರು ಬೀಗ ಜಡಿಯುವಂತಿಲ್ಲ. ಬಾಡಿಗೆದಾರರು ಬಿಡದಿದ್ದರೆ ನ್ಯಾಯಾಲಯಕ್ಕೇ ಹೋಗಬೇಕು. ಬಲವಂತವಾಗಿ ಹೊರಹಾಕಲ್ಪಟ್ಟವರು ನಿರ್ದಿಷ್ಟ ಪರಿಹಾರ ಕಾಯ್ದೆಯ ಕಲಂ 6ರಡಿ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಕೇಳಬಹುದು. ಕಡಿಮೆ ಬಾಡಿಗೆಯ ಹಳೆಯ ಮನೆಗಳು 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ರಕ್ಷಣೆಯಲ್ಲಿದ್ದರೆ ಹದಿನೈದು ದಿನಗಳ ನೋಟಿಸ್ ಒಂದೇ ಸಾಲದು. ಆ ಕಾಯ್ದೆಯ ಕಲಂ 27 ಹೇಳುವ ಕಾರಣಗಳಲ್ಲಿ ಒಂದನ್ನು ಮಾಲೀಕರು ಸಾಬೀತುಪಡಿಸಬೇಕು. ನೋಟಿಸ್ ಕೊಟ್ಟ ಮಾಲೀಕರಿಗೂ ಒಂದು ಎಚ್ಚರಿಕೆ: ಗಡುವು ದಾಟಿದ ಮೇಲೆ ಸುಮ್ಮನೆ ಬಾಡಿಗೆಯೆಂದು ಹಣ ಪಡೆದರೆ, ಆಸ್ತಿ ವರ್ಗಾವಣೆ ಕಾಯ್ದೆಯ ಕಲಂ 113ರ ಪ್ರಕಾರ ನೋಟಿಸನ್ನು ಬಿಟ್ಟುಕೊಟ್ಟಂತೆ ಆಗಬಹುದು. ರಸೀದಿಯಲ್ಲಿ ಅದು ಬಳಕೆಯ ಪರಿಹಾರ ಮಾತ್ರವೆಂದು ಬರೆಯುವುದು ಒಳ್ಳೆಯದು.

ಕೊನೆಯ ತಿಂಗಳ ಬಾಡಿಗೆಯನ್ನು "ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳಿ" ಎನ್ನುವುದು ಊರಿನ ರೂಢಿ. ಮಾಲೀಕರು ಬರೆದು ಒಪ್ಪದೆ ಹಾಗೆ ಮಾಡಬೇಡಿ, ಅದು ಬಾಕಿಯ ಲೆಕ್ಕಕ್ಕೆ ಸೇರೀತು. ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಹಿಡಿಯುವುದು ಕರಾರಿನ ಮಾತೇ ಹೊರತು ಕಾನೂನಿನದ್ದಲ್ಲ. ಸಹಜ ಸವೆತದ ಹೊಣೆಯನ್ನು ಆಸ್ತಿ ವರ್ಗಾವಣೆ ಕಾಯ್ದೆಯ ಕಲಂ 108 ಬಾಡಿಗೆದಾರರ ಮೇಲೆ ಹೊರಿಸುವುದಿಲ್ಲ. ಬಿಡುವ ದಿನ ಖಾಲಿ ಕೋಣೆಗಳನ್ನೂ ವಿದ್ಯುತ್ ಮೀಟರಿನ ಅಂಕಿಯನ್ನೂ ಫೋಟೊ ತೆಗೆದು, ಎಷ್ಟು ಬೀಗದ ಕೈ ಒಪ್ಪಿಸಿದಿರೆಂದು ಬರೆದ ಚೀಟಿಗೆ ಮಾಲೀಕರ ಸಹಿ ಪಡೆಯಿರಿ. ಅವರು ಬರದಿದ್ದರೆ ಇಬ್ಬರು ಸಾಕ್ಷಿಗಳ ಮುಂದೆ ಮನೆ ಮುಚ್ಚಿ, ಬೀಗದ ಕೈ ಎಲ್ಲಿದೆ, ಯಾವಾಗ ಪಡೆಯಬಹುದು ಎಂಬುದನ್ನು ಅದೇ ದಿನ ಅಂಚೆಯಲ್ಲಿ ಅವರಿಗೆ ತಿಳಿಸಿ.