ಮೇಜಿನ ಪರೀಕ್ಷೆ ಬಿಟ್ಟು ಆಟಕ್ಕೆ ಇಳಿದ ಮೇಲೆ

ಮಗು ಶಾಲೆಗೆ ತಯಾರಿದೆಯಾ ಅಂತ ನೋಡಲು ಮೇಜು, ಪ್ರಶ್ನೆ ಹಾಳೆ ಎರಡೂ ಬೇಡ ಅಂದಾಗ ಜೊತೆಯ ಶಿಕ್ಷಕರು ನಕ್ಕಿದ್ದರು. "ಆಟ ಆಡಿಸಿ ಅಂಕ ಕೊಡ್ತೀರಾ ಮೇಡಂ?" ಅಂದಿದ್ದರು. ಈಗ ಅವರೇ, ಆಟ ನೋಡಿ ಬರೆಯುವ ನನ್ನ ಹಾಳೆ ಕೇಳಿ ಒಯ್ಯುತ್ತಾರೆ.

ಮೊದಲು ದುಡ್ಡಿನ ಮಾತು. ಒಂದು ರೆಡಿಮೇಡ್ ಟೆಸ್ಟ್ ಕಿಟ್ ತರಿಸಿದ್ದೆವು. ವರ್ಷದ ಬಣ್ಣ, ಕಾಗದಕ್ಕೆ ಇಟ್ಟಿದ್ದ ದುಡ್ಡಿನಲ್ಲಿ ಹೆಚ್ಚುಕಮ್ಮಿ ಅರ್ಧ ಅದಕ್ಕೇ ಹೋಯಿತು. ಅಂಕದ ಹಾಳೆ ಪ್ರತಿ ಮಗುವಿಗೂ ಹೊಸದು ಬೇಕು, ಅದು ಬೇರೆ. ಸಿಕ್ಕಿದ್ದೇನು? ಹೊಸಬರ ಮುಂದೆ ಬಾಯಿ ಬಿಡದ ಮಕ್ಕಳೆಲ್ಲ 'ತಯಾರಿಲ್ಲ'. ಮನೆಯಲ್ಲಿ ಉರು ಹೊಡೆದು ಬಂದವರೆಲ್ಲ ಪಾಸು. 100ರವರೆಗೆ ಗಡಗಡ ಹೇಳುವ ಹುಡುಗನ ಮುಂದೆ 7 ಮಣಿ ಇಟ್ಟೆ. ಸರಿಯಾಗಿ ಎಣಿಸಿದ. "ಹಾಗಾದ್ರೆ ಒಟ್ಟು ಎಷ್ಟು?" ಅಂದರೆ ಮತ್ತೆ ಒಂದರಿಂದ ಶುರು. ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಅನ್ನೋದು ಅವನಿಗಿನ್ನೂ ಹೊಳೆದಿರಲಿಲ್ಲ. ಕಿಟ್‌ನಲ್ಲಿ ಮಾತ್ರ ಎಣಿಕೆಗೆ ಪೂರ್ತಿ ಅಂಕ!

ಅಪ್ಪ ಅಮ್ಮಂದಿರಿಗೆ ಚೆಕ್‌ಲಿಸ್ಟ್ ಕೊಟ್ಟೂ ನೋಡಿದೆವು. ಎಲ್ಲದಕ್ಕೂ ಟಿಕ್. ಅಲ್ಲಿಗೇ ಬಿಟ್ಟೆವು.

ಈಗ ಐದಾರು ಮಕ್ಕಳ ಗುಂಪು, ಮೂರ್ನಾಲ್ಕು ಬೆಳಗ್ಗೆ, ಸುಮಾರು ಮುಕ್ಕಾಲು ಗಂಟೆ. ಒಬ್ಬರು ಆಡಿಸುತ್ತಾರೆ, ಇನ್ನೊಬ್ಬರು ಮೂಲೆಯಲ್ಲಿ ಕೂತು ಬರೆಯುತ್ತಾರೆ. ಆ ಎರಡನೆಯವರ ಸಂಬಳವೇ ದೊಡ್ಡ ಖರ್ಚು. ಅದನ್ನು ಉಳಿಸಲು ಹೋಗಬೇಡಿ. ಆಡಿಸುವವರ ಕಣ್ಣಿಗೆ ಅರ್ಧ ಸಂಗತಿ ಬೀಳುವುದೇ ಇಲ್ಲ.

ನನ್ನ ಮುಖ್ಯ ಸಾಧನ ಒಂದು ಬಿಗಿ ಮುಚ್ಚಳದ ಡಬ್ಬಿ. ಕ್ರೇಯಾನ್ ಅದರೊಳಗೆ. ಮೇಜಿನ ಪರೀಕ್ಷೆಯಲ್ಲಿ ತುಟಿ ಬಿಚ್ಚದೆ ಕೊನೆಯ ಸಾಲಿಗೆ ಬಿದ್ದಿದ್ದ ಹುಡುಗಿಯೊಬ್ಬಳ ಕೈಗೆ ಕೊಟ್ಟೆ. ತಿರುಗಿಸಿದಳು. ನೆಲಕ್ಕೆ ಕುಟ್ಟಿದಳು. ಹೊಟ್ಟೆಗೆ ಒತ್ತಿ ಹಿಡಿದು ಎಳೆದಳು. ಆಮೇಲೆ ಪಕ್ಕದವನಿಗೆ, "ನೀನು ಹಿಡ್ಕೋ, ನಾನು ಎಳೀತೀನಿ" ಅಂದಳು. ಮುಚ್ಚಳ ಬಂತೋ ಇಲ್ಲವೋ, ನನಗೆ ಬೇಕಾದ್ದು ಸಿಕ್ಕಿತ್ತು. ಬರದೇ ಇದ್ದಾಗ ಮಗು ಏನು ಮಾಡುತ್ತದೆ ಅನ್ನೋದನ್ನು ಯಾವ ಪ್ರಶ್ನೆಯೂ ತೋರಿಸುವುದಿಲ್ಲ.

ಇನ್ನೊಂದು ಉಲ್ಟಾ ಆಟ: ನಾವು 'ತಲೆ ಮುಟ್ಟು' ಅಂದಾಗ ಮಗು ಕಾಲ್ಬೆರಳು ಮುಟ್ಟಬೇಕು. ನೇರ ಸರಿಯಾದರೆ 2, ಕೈ ತಲೆಯ ಕಡೆ ಹೊರಟು ಅರ್ಧ ದಾರಿಯಲ್ಲಿ ತಿರುಗಿದರೆ 1. ಆ 1 ಅಂಕದ ಮಕ್ಕಳನ್ನು ಚೆನ್ನಾಗಿ ಗಮನಿಸಿ, ತಮ್ಮನ್ನು ತಾವೇ ತಡೆಯಲು ಕಲಿಯುತ್ತಿರುವವರು ಅವರು. ಗುಂಪಿನಲ್ಲಿ ಒಬ್ಬರನ್ನು ನೋಡಿ ಒಬ್ಬರು ಮಾಡುತ್ತಾರೆ, ಹಾಗಾಗಿ ಒಬ್ಬೊಬ್ಬರನ್ನೇ ಕರೆಯಿರಿ. ಯಾರನ್ನು ಮೊದಲು ಕರೆಯಬೇಕು ಅನ್ನೋದಕ್ಕೆ ನನ್ನದೊಂದು ಲೆಕ್ಕ ಇದೆ, ಅದು ನನ್ನ ಹತ್ತಿರವೇ ಇರಲಿ. ಕೊನೆಯ ದಿನ ಕತೆ ಹೇಳಿ ಕೇಳುವ ಪ್ರಶ್ನೆಯನ್ನೂ ಬರೆಯುವುದಿಲ್ಲ. ಬರೆದರೆ ನಾಳೆಯಿಂದಲೇ ಅದಕ್ಕೂ ಉರು ಶುರು ಆಗುತ್ತದೆ ಅಲ್ವಾ?

ನಡುವೆ ಸುಮ್ನೆ ಮನಶ್ಶಾಸ್ತ್ರಜ್ಞ ವಾಲ್ಟರ್ ಮಿಷೆಲ್ ಅವರ ಮಿಠಾಯಿ ಪ್ರಯೋಗವನ್ನೂ ಮಾಡಿದೆ. ಈಗ ತಿಂದರೆ ಒಂದು, ಕಾದರೆ ಎರಡು. ತಿಂದು ಬಂದವರು ಕಾದರು, ಹಸಿದವರು ಬಾಯಿಗೆ ಹಾಕಿಕೊಂಡರು. 2018ರಲ್ಲಿ ಇದನ್ನೇ ದೊಡ್ಡ ಗುಂಪಿನ ಮೇಲೆ ನೋಡಿದಾಗ, ಮನೆಯ ಪರಿಸ್ಥಿತಿಯನ್ನು ಲೆಕ್ಕಕ್ಕೆ ತಗೊಂಡರೆ ಮಗು ಮುಂದೆ ಹೇಗೆ ಕಲಿಯುತ್ತದೆ ಅಂತ ಹೇಳುವ ಅದರ ಶಕ್ತಿ ತುಂಬಾ ಕುಗ್ಗಿತ್ತು. ಮಿಠಾಯಿ ಮಾತ್ರ ಖರ್ಚಾಯಿತು.

ಹುಟ್ಟಿದ ತಿಂಗಳನ್ನು ಹಾಳೆಯ ಮೇಲ್ಗಡೆಯೇ ಬರೆದುಕೊಳ್ಳಿ. ಒಂದೇ ತರಗತಿಯಲ್ಲಿ 11 ತಿಂಗಳ ಅಂತರ ಇರಬಹುದು. ಐದು ವರ್ಷದ ಮಗುವಿಗೆ ಅದು ಬದುಕಿನ ಹೆಚ್ಚುಕಮ್ಮಿ ಐದನೇ ಒಂದು ಪಾಲು. ಚೌಕ ಬರೆಯುವ ಚಿಕ್ಕ ಮಗು ತ್ರಿಕೋನಕ್ಕೆ ತಡವರಿಸಿದರೆ ತಲೆ ಕೆಡಿಸಿಕೊಳ್ಳಬೇಡಿ.

ಅರ್ಧ ವರ್ಷ ಕಳೆದ ಮೇಲೆ, ನನ್ನ ಹಾಳೆ ತೋರಿಸದೆ, ಯಾರಿಗೆ ಕಷ್ಟ ಆಗ್ತಿದೆ ಅಂತ ತರಗತಿ ಶಿಕ್ಷಕರನ್ನು ಕೇಳಿದೆ. ನಾನು ಮೊದಲೇ ಗುರುತು ಹಾಕಿದ್ದ ಹೆಸರುಗಳೇ ಬಂದವು, 10ರಲ್ಲಿ 8ರಷ್ಟು. ಕಿಟ್ ಇದ್ದಾಗ ಅರ್ಧವೂ ಹೊಂದುತ್ತಿರಲಿಲ್ಲ. ಗುರುತು ಹಾಕಿದ ಯಾರನ್ನೂ ವಾಪಸ್ ಕಳಿಸಲಿಲ್ಲ. ಮೊದಲ ಎರಡು ತಿಂಗಳು ಶಿಕ್ಷಕರ ಹತ್ತಿರ ಕೂರಿಸಿದೆವು. ಸೂಚನೆ ಕೇಳಿಯೂ ಕೇಳದಂತೆ ಇದ್ದವರನ್ನು ಮೊದಲು ಕಿವಿ ತೋರಿಸಿಕೊಂಡು ಬರಲು ಹೇಳಿದೆವು. ಅವರಲ್ಲಿ ಒಬ್ಬನಿಗೆ ಸೋಂಕಿನಿಂದ ಕಿವಿಯೊಳಗೆ ನೀರು ತುಂಬಿತ್ತು, ಅಷ್ಟೇ.