ಬೇರೆಯವರು ಓದಿದಾಗಲೂ ನಿಲ್ಲುವ ಜೋಕು

ನಾನು ಬೆಂಗಳೂರಿನಲ್ಲಿ ಕನ್ನಡ ಸ್ಟ್ಯಾಂಡ್‌ಅಪ್ ಕಾಮಿಡಿ ಮಾಡುತ್ತೇನೆ. ಹಗಲು ಆಫೀಸು, ಸಂಜೆ ಓಪನ್ ಮೈಕ್, ಅಂದರೆ ಯಾರು ಬೇಕಾದರೂ ಹೆಸರು ಕೊಟ್ಟು ಸ್ಟೇಜ್ ಹತ್ತಬಹುದಾದ ಶೋ. ಜಾತಿ ಬಗ್ಗೆ ಹದಿನೈದು ನಿಮಿಷದ ಒಂದು ಸೆಟ್ ಬರೆಯುತ್ತೇನೆ ಅಂದಾಗ ಗೆಳೆಯರಿಂದ ಕೇಳಿಸಿಕೊಂಡಿದ್ದು ಒಂದೇ ಮಾತು. "ಯಾಕೆ ಸುಮ್ನೆ ಮೈಮೇಲೆ ಎಳ್ಕೋತೀಯ ಮಾರಾಯ?" ಆ ಸೆಟ್ ಈಗ ಕಾಲೂರಿ ನಿಂತಿದೆ. ಅದನ್ನು ಕಟ್ಟುವಾಗ ನನಗೆ ಎಲ್ಲರಿಗಿಂತ ಜಾಸ್ತಿ ಕಲಿಸಿದ್ದು ನಾನು ಹುಟ್ಟುವ ಮೊದಲೇ ತೀರಿಕೊಂಡ ಒಬ್ಬ ಅಮೆರಿಕನ್ ಕಾಮಿಡಿಯನ್, ಲೆನಿ ಬ್ರೂಸ್.

ಬ್ರೂಸ್ ಹುಟ್ಟಿದ್ದು 1925ರಲ್ಲಿ. ಧರ್ಮ, ಬಣ್ಣ, ಗಂಡು ಹೆಣ್ಣಿನ ಸಂಬಂಧ, ಹೀಗೆ ಬೇರೆಯವರು ಮುಟ್ಟಲು ಹೆದರುವ ವಿಷಯಗಳನ್ನೇ ನೈಟ್‌ಕ್ಲಬ್‌ಗಳಲ್ಲಿ ಮಾತಾಡಿದರು. 1961ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಅವರ ಶೋ ಇತ್ತು. ನಡುರಾತ್ರಿ, ಊರೆಲ್ಲ ಹಿಮದಲ್ಲಿ ಮುಳುಗಿತ್ತು. ಆದರೂ ಹಾಲ್ ತುಂಬಿತ್ತು. ಆ ರೆಕಾರ್ಡಿಂಗ್ ಇವತ್ತಿಗೂ ಸಿಗುತ್ತದೆ. ಅದೇ ವರ್ಷ ಅಕ್ಟೋಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಕ್ಲಬ್‌ನಲ್ಲಿ ಅಶ್ಲೀಲ ಮಾತಿನ ಆರೋಪದ ಮೇಲೆ ಅವರನ್ನು ಹಿಡಿದರು. ಜ್ಯೂರಿ ಬಿಡುಗಡೆ ಮಾಡಿತು. ಆದರೆ ಅಲ್ಲಿಂದ ಕೇಸುಗಳ ಸಾಲು ಶುರುವಾಯಿತು. 1964ರಲ್ಲಿ ನ್ಯೂಯಾರ್ಕಿನ ಕೋರ್ಟು ನಾಲ್ಕು ತಿಂಗಳ ಶಿಕ್ಷೆ ಕೊಟ್ಟಿತು. ಅಪೀಲು ಇತ್ಯರ್ಥವಾಗುವ ಮೊದಲೇ, 1966ರ ಆಗಸ್ಟ್ 3ರಂದು, ಡ್ರಗ್ಸ್ ಹೆಚ್ಚಾಗಿ ಬ್ರೂಸ್ ತೀರಿಕೊಂಡರು. ಆಗ ಅವರಿಗೆ ಬರೀ 40 ವರ್ಷ. ನ್ಯೂಯಾರ್ಕ್ ಗವರ್ನರ್ ಅವರಿಗೆ ಕ್ಷಮಾದಾನ ಕೊಟ್ಟಿದ್ದು 2003ರಲ್ಲಿ.

ಈ ಕತೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಜೈಲಲ್ಲ, ನ್ಯೂಯಾರ್ಕ್ ವಿಚಾರಣೆಯ ಒಂದು ವಿವರ. ಲೈಸೆನ್ಸ್ ಇಲಾಖೆಯ ಒಬ್ಬ ಇನ್‌ಸ್ಪೆಕ್ಟರ್ ಶೋಗೆ ಬಂದು ಕೂತು, ಕೇಳಿದ್ದನ್ನು ಗೀಚಿಕೊಂಡಿದ್ದ. ಆಮೇಲೆ ಆ ಟಿಪ್ಪಣಿ ಇಟ್ಟುಕೊಂಡು ಬ್ರೂಸ್ ಏನೇನು ಹೇಳಿದರು ಅಂತ ಸಾಕ್ಷಿ ನುಡಿದ. ಅಂದರೆ ಬ್ರೂಸ್ ಅವರ ಜೋಕನ್ನು ಇನ್ನೊಬ್ಬ ತನ್ನ ಬಾಯಲ್ಲಿ ಮಾಡಿ ತೋರಿಸಿದ ಹಾಗಾಯಿತು. ಏರಿಳಿತ ಇಲ್ಲ, ನಿಲುಗಡೆ ಇಲ್ಲ, ಮುಂದಿನ ಮಾತು ಹಿಂದಿನ ಮಾತು ಇಲ್ಲ. ಬ್ರೂಸ್ ಅವರಿಗೆ ಎಲ್ಲಕ್ಕಿಂತ ನೋವಾಗಿದ್ದು ಇದೇ. ಆ ಮನುಷ್ಯ ಕೆಟ್ಟದಾಗಿ ಮಾಡಿದ್ದಕ್ಕೆ ನಾನು ಜೈಲಿಗೆ ಹೋಗಬೇಕಾ ಅಂತ ಅವರು ಕೇಳುತ್ತಿದ್ದರು.

ಇವತ್ತು ಆ ಇನ್‌ಸ್ಪೆಕ್ಟರ್ ಕೆಲಸವನ್ನು ಮೂವತ್ತು ಸೆಕೆಂಡಿನ ರೀಲ್ ಮಾಡುತ್ತದೆ, ಅಲ್ವಾ? ಹಾಗಾಗಿ ನಾನೊಂದು ಪದ್ಧತಿ ಮಾಡಿಕೊಂಡೆ. ಬರೆದ ಪ್ರತಿ 'ಬಿಟ್' ಅನ್ನೂ, ಅಂದರೆ ಸೆಟ್ಟಿನ ಪ್ರತಿ ತುಣುಕನ್ನೂ, ಸ್ಟ್ಯಾಂಡ್‌ಅಪ್ ಗಂಧವಿಲ್ಲದ ಒಬ್ಬ ಗೆಳೆಯನ ಕೈಗೆ ಕೊಡುತ್ತೇನೆ. ಅವನು ಅದನ್ನು ಪಂಚನಾಮೆ ಓದಿದ ಹಾಗೆ ಓದಬೇಕು. ನಾನು ನಡುವೆ ಬಾಯಿ ಹಾಕುವ ಹಾಗಿಲ್ಲ. ಸಪ್ಪೆ ದನಿಯಲ್ಲಿ ಓದಿದಾಗಲೂ ನಾನು ಯಾರನ್ನು ಕುಟುಕುತ್ತಿದ್ದೇನೆ ಅಂತ ಗೊತ್ತಾಗಬೇಕು. ಗೊತ್ತಾಗದಿದ್ದರೆ ಆ ಜೋಕು ನನ್ನ ದನಿಯ ಮೇಲೆ ಮಾತ್ರ ನಿಂತಿದೆ ಅಂತ ಅರ್ಥ.

ಉದಾಹರಣೆಗೆ ಬಾಡಿಗೆ ಮನೆಯ 'ಬಿಟ್'. ನೀರು, ಪಾರ್ಕಿಂಗ್, ಹತ್ತು ತಿಂಗಳ ಅಡ್ವಾನ್ಸ್, ಎಲ್ಲ ಮಾತಾಗಿರುತ್ತದೆ. ಕೊನೆಗೆ ಓನರ್ ಆಂಟಿ ಕೇಳುತ್ತಾರೆ, "ಅಂದಹಾಗೆ ನಿಮ್ಮ ಮನೆದೇವ್ರು ಯಾವುದಪ್ಪಾ?" ಈ ಪ್ರಶ್ನೆ ಯಾಕೆ ಅಂತ ಕನ್ನಡದವರಿಗೆ ಬಿಡಿಸಿ ಹೇಳಬೇಕಿಲ್ಲ. ಮೊದಲ ಡ್ರಾಫ್ಟಿನಲ್ಲಿ ನಾನು ಉತ್ತರವಾಗಿ ಒಂದು ಗ್ರಾಮದೇವತೆಯ ಹೆಸರು ಹೇಳಿ, ಆಂಟಿ ಮುಖ ಮಾಡಿ ತೋರಿಸುತ್ತಿದ್ದೆ. ನಗು ಚೆನ್ನಾಗಿಯೇ ಬರುತ್ತಿತ್ತು. ಗೆಳೆಯ ಓದಿದಾಗ ಮುಖ ಕಾಣಲಿಲ್ಲ. ಉಳಿದಿದ್ದು ಎರಡೇ: ದೇವತೆಯ ಹೆಸರು, ಅದರ ಹಿಂದೆಯೇ ನಗು. ಆ ದೇವರನ್ನು ನಂಬಿದವರು ಇದನ್ನು ಕೇಳಿದರೆ ಏನಂದುಕೊಳ್ಳಬೇಕು? ಅವರ ಪರವಾಗಿ ಬರೆದ ಜೋಕು ಅವರ ಕಡೆಗೇ ತಿರುಗಿ ನಿಂತಿತ್ತು.

ಈಗಿನದು ಹೀಗಿದೆ. ಆಂಟಿ ಮನೆದೇವರನ್ನು ಕೇಳುತ್ತಾರೆ. ನಾನು, "ಆಂಟಿ, ನಾನು ಮನೆ ಕೇಳೋಕೆ ಬಂದಿದ್ದು, ಹೆಣ್ಣು ಕೇಳೋಕಲ್ಲ." ಅವರು, "ಅಯ್ಯೋ, ಸುಮ್ನೆ ಕೇಳ್ದೆ ಕಣಪ್ಪಾ." ಇಲ್ಲಿ ನಾನು ಸ್ವಲ್ಪ ಹೊತ್ತು ಸುಮ್ಮನಿರುತ್ತೇನೆ. ಆಮೇಲೆ, "ಸುಮ್ನೆ ಕೇಳಿದ್ರು. ಆಮೇಲೆ ಸುಮ್ನೆ ಫೋನ್ ಎತ್ತಲಿಲ್ಲ. ಸುಮ್ನೆ ಮನೆ ಇನ್ನೊಬ್ರಿಗೆ ಕೊಟ್ರು." ದೇವರ ಹೆಸರೇ ಬೇಕಾಗಲಿಲ್ಲ. ಇದನ್ನು ಯಾರೇ ಓದಲಿ, ಎಷ್ಟೇ ಸಪ್ಪೆಯಾಗಿ ಓದಲಿ, ತಪ್ಪು ಯಾರದ್ದು ಅಂತ ಗೊತ್ತಾಗುತ್ತದೆ. ಮೊದಲನೆಯದಕ್ಕಿಂತ ಇದು ಖಾರ ಜಾಸ್ತಿ ಅನ್ನುವುದು ನನ್ನ ಅಭಿಪ್ರಾಯ. ಹುಷಾರಾಗಿ ಬರೆಯುವುದು ಅಂದರೆ ಮೆತ್ತಗೆ ಬರೆಯುವುದು ಅಂತ ತುಂಬಾ ಜನ ತಿಳಿದಿದ್ದಾರೆ. ನಾನು ಒಪ್ಪುವುದಿಲ್ಲ.

ಇದೇ ಬಿಟ್ಟನ್ನು ಹುಬ್ಬಳ್ಳಿಗೆ ತಗೊಂಡು ಹೋದಾಗ ಮನೆದೇವರ ಪ್ರಶ್ನೆಗೆ ಒಬ್ಬರೂ ನಗಲಿಲ್ಲ. ನಗು ಬಂದಿದ್ದು "ಹೆಣ್ಣು ಕೇಳೋಕಲ್ಲ" ಅನ್ನುವಾಗ. ಶೋ ಮುಗಿದ ಮೇಲೆ ಒಬ್ಬರು ಬಂದು ಹೇಳಿದರು, "ನಮ್ಮ ಕಡೆ ಹಿಂಗ ಸುತ್ತಿ ಬಳಸಿ ಕೇಳಂಗಿಲ್ರೀ. ಸೀದಾ ಯಾವ ಮಂದಿ ಅಂತ ಕೇಳ್ತಾರ." ಆ ಮಾತು ಈಗ ಸೆಟ್ಟಿನ ಒಳಗೇ ಇದೆ, ಅವರ ಅನುಮತಿ ಕೇಳಿಯೇ ಸೇರಿಸಿಕೊಂಡೆ.

ಬರವಣಿಗೆ ಎಷ್ಟೇ ಗಟ್ಟಿಯಿದ್ದರೂ ಅದೊಂದೇ ಕಾಪಾಡುತ್ತದೆ ಅಂತ ನಾನು ಹೇಳುತ್ತಿಲ್ಲ. ಕಾಮಿಡಿಯನ್ ಮುನವ್ವರ್ ಫಾರೂಕಿ ಅವರನ್ನು 2021ರ ಜನವರಿ 1ರಂದು ಇಂದೋರ್‌ನ ಒಂದು ಕೆಫೆಯಲ್ಲಿ ಹಿಡಿದರು. ಸುಪ್ರೀಂ ಕೋರ್ಟ್ ಮಧ್ಯಂತರ ಜಾಮೀನು ಕೊಟ್ಟು ಅವರು ಹೊರಗೆ ಬರುವಷ್ಟರಲ್ಲಿ ಜೈಲಿನಲ್ಲಿ ಒಂದು ತಿಂಗಳು ದಾಟಿತ್ತು. ಅದೇ ವರ್ಷ ನವೆಂಬರ್‌ನಲ್ಲಿ ನಮ್ಮ ಬೆಂಗಳೂರಿನ ಗುಡ್ ಶೆಫರ್ಡ್ ಆಡಿಟೋರಿಯಂನಲ್ಲಿ ನಡೆಯಬೇಕಿದ್ದ ಅವರ ಶೋ ರದ್ದಾಯಿತು. ಅವರನ್ನು ವಿವಾದಾತ್ಮಕ ವ್ಯಕ್ತಿ ಅಂತ ಕರೆದ ಪೊಲೀಸರು, ಕಾನೂನು ಸುವ್ಯವಸ್ಥೆಯ ಕಾರಣ ಕೊಟ್ಟು ಆಯೋಜಕರಿಗೆ ಪತ್ರ ಬರೆದಿದ್ದರು. ಅಲ್ಲಿ ಜೋಕಿನ ಪರೀಕ್ಷೆಯೇ ನಡೆಯಲಿಲ್ಲ, ಹೆಸರೇ ಸಾಕಾಯಿತು. ಆಮೇಲೆ ಅವರು 2024ರ ಜನವರಿಯಲ್ಲಿ ಹಿಂದಿ ಬಿಗ್ ಬಾಸ್ ಗೆದ್ದರು. ಹೆಸರು ಈಗ ಮನೆಮಾತು. ಆದರೆ ಅವತ್ತು ಬೆಂಗಳೂರಿನಲ್ಲಿ ಟಿಕೆಟ್ ತಗೊಂಡವರು ಆ ಶೋ ನೋಡಲಿಲ್ಲ. ನನಗೆ ಈಗಲೂ ಅದು ಸಂಕಟದ ವಿಷಯ.

ಹಾಗಾಗಿ ಬರವಣಿಗೆಯ ಜೊತೆಗೆ ಕೆಲವು ಸಣ್ಣ ಅಭ್ಯಾಸ ಇಟ್ಟುಕೊಂಡಿದ್ದೇನೆ. ಸ್ಟೇಜ್ ಹತ್ತುವ ಮೊದಲು ಫೋನಿನಲ್ಲಿ ರೆಕಾರ್ಡಿಂಗ್ ಒತ್ತಿ ಜೇಬಿಗೆ ಹಾಕುತ್ತೇನೆ. ಇಡೀ ಸೆಟ್ಟಿನ ಆಡಿಯೋ ತಾರೀಕು ಹಾಕಿ ಉಳಿಸುತ್ತೇನೆ. ಭಾರತೀಯ ನ್ಯಾಯ ಸಂಹಿತೆಯ 299ನೇ ಸೆಕ್ಷನ್, ಅಂದರೆ ಮೊದಲಿನ ದಂಡ ಸಂಹಿತೆಯ 295ಎ, ಕೇಳುವುದು ಬೇಕಂತಲೇ, ದುರುದ್ದೇಶದಿಂದ ಧಾರ್ಮಿಕ ಭಾವನೆ ಕೆರಳಿಸಿದ್ದೀರಾ ಅಂತ. ಉದ್ದೇಶ ತೋರಿಸಲು ಇಡೀ ಮಾತು ಬೇಕು, ತುಂಡು ಸಾಲದು. ಪ್ರೊಡ್ಯೂಸರ್‌ಗೆ ವಿಷಯ ಏನು ಅಂತ ಮುಂಚೆಯೇ ಹೇಳುತ್ತೇನೆ. ಬ್ರೂಸ್ ಜೊತೆಗೆ ಕ್ಲಬ್ ಮಾಲೀಕರ ಮೇಲೂ ಕೇಸಾಗಿತ್ತು. ಆಮೇಲೆ ಬೇರೆ ಕ್ಲಬ್‌ನವರು ಹೆದರಿ ಅವರನ್ನು ಕರೆಯುವುದನ್ನೇ ಬಿಟ್ಟರು. ಜಾಗ ಕೊಡುವವರನ್ನು ಕತ್ತಲಲ್ಲಿ ಇಡಬಾರದು.

ಇನ್ನೊಂದು ಪಾಠವೂ ಅವರಿಂದಲೇ. ಕೊನೆಕೊನೆಗೆ ಬ್ರೂಸ್ ಸ್ಟೇಜ್ ಮೇಲೆ ತಮ್ಮ ಕೋರ್ಟ್ ಕಾಗದಗಳನ್ನೇ ಓದುತ್ತಿದ್ದರು. ನಗಲು ಬಂದವರು ನಗಲಿಲ್ಲ. ಅಷ್ಟು ದೊಡ್ಡ ಕಲಾವಿದನ ಸಮಯವನ್ನೆಲ್ಲ ಕೇಸುಗಳು ತಿಂದುಹಾಕಿದ್ದನ್ನು ಓದುವಾಗ ಕರುಳು ಚುರ್ ಅನ್ನುತ್ತದೆ. ನನಗೂ ಬೈಗುಳದ ಮೆಸೇಜ್‌ಗಳು ಬರುತ್ತವೆ. ಅವನ್ನು ಸೆಟ್ಟಿಗೆ ತರುವುದಿಲ್ಲ ಅಂತ ತೀರ್ಮಾನ ಮಾಡಿದ್ದೇನೆ. ಜನ ಟಿಕೆಟ್ ಕೊಟ್ಟು ಬರುವುದು ನನ್ನ ಕಷ್ಟ ಕೇಳೋಕಲ್ಲ.

"ಕನ್ನಡದವರಿಗೆ ಇದೆಲ್ಲ ಆಗಿಬರಲ್ಲ" ಅನ್ನುವವರಿಗೆ ನಾನು ಮಾಸ್ಟರ್ ಹಿರಣ್ಣಯ್ಯ ಅವರ ಹೆಸರು ಹೇಳುತ್ತೇನೆ. ಅಂದಂದಿನ ರಾಜಕೀಯವನ್ನು ಅಂದಂದೇ ನಾಟಕದೊಳಗೆ ಎಳೆದು ತಂದು ಆಳುವವರನ್ನು ಝಾಡಿಸಿದವರು ಅವರು. ಜನ ದಶಕಗಟ್ಟಲೆ ಟಿಕೆಟ್ ತಗೊಂಡು ನೋಡಿದರು.

ಜಯನಗರದ ಒಂದು ಶೋ ಆದಮೇಲೆ ನಡುವಯಸ್ಸಿನ ಒಬ್ಬರು ನನಗಾಗಿ ಕಾಯುತ್ತಾ ನಿಂತಿದ್ದರು. "ನಮ್ಮದೂ ಮೂರು ಮನೆ ಬಾಡಿಗೆಗಿದೆ ಕಣಪ್ಪಾ. ನಾನೂ ಹಾಗೇ ಕೇಳ್ತೀನಿ" ಅಂದರು. ಏನು ಹೇಳಬೇಕೋ ತೋಚಲಿಲ್ಲ. "ಯಾಕಮ್ಮಾ ಕೇಳ್ತೀರಿ?" ಅಂದೆ. "ನಮ್ಮತ್ತೆ ಕೇಳ್ತಿದ್ರು" ಅಂದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಆಮೇಲೆ ಹತ್ತು ನಿಮಿಷ ನಿಂತು ಮಾತಾಡಿದೆವು, ಕೇಳುವುದನ್ನು ಬಿಡುತ್ತೇನೆ ಅಂತ ಅವರು ಹೇಳಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ.

ಈಗ ಬರೆಯುತ್ತಿರುವುದು ವಧು ವರರ ಜಾಹೀರಾತಿನ ಬಗ್ಗೆ. "ಜಾತಿ ಅಡ್ಡಿಯಿಲ್ಲ, ಎಸ್‌ಸಿ ಎಸ್‌ಟಿ ಹೊರತು." ಇಂಥ ಸಾಲನ್ನು ಹಾಗೇ ಓದಿದರೆ ಸಾಕು, ಗೆಳೆಯನ ಪಂಚನಾಮೆ ದನಿಯಲ್ಲೂ ನಿಲ್ಲುತ್ತದೆ. ತೊಡಕಿರುವುದು ಮುಂದಿನ ಸಾಲಿನಲ್ಲಿ. ನನ್ನ ಜೊತೆ ಓಪನ್ ಮೈಕ್ ಮಾಡುವ ದಲಿತ ಗೆಳೆಯನೊಬ್ಬ ಡ್ರಾಫ್ಟ್ ನೋಡಿ, "ಬಾಡಿಗೆ ಮನೆ ಸಿಗದೇ ಇರೋದು ನಿನಗೆ ಗೊತ್ತು, ಬರಿ. ಇದು ನಿನಗೆ ಗೊತ್ತಿಲ್ಲ. ಜಾಹೀರಾತು ನೀನು ಓದು, ಆಮೇಲಿನದನ್ನು ನಾನು ಹೇಳ್ತೀನಿ" ಅಂದ. ಹಾಗಾಗಿ ಈ ಬಿಟ್ಟಿಗೆ ಇಬ್ಬರೂ ಒಟ್ಟಿಗೆ ಸ್ಟೇಜ್ ಹತ್ತುತ್ತೇವೆ. ಮೈಕ್ ಒಂದೇ ಇರುವ ಕಡೆ ಇದನ್ನು ಹೇಗೆ ಮಾಡುವುದು ಅಂತ ಈಗ ನೋಡುತ್ತಿದ್ದೇವೆ.